ಮೇ ತಿಂಗಳಲ್ಲಿ ಲ್ಯಾವೆಂಡರ್ ಅರಳುವುದಿಲ್ಲ

ನಿನ್ನೆ ಸಂಜೆ ನಾವಿಬ್ಬರೂ ಒಂದು ಟ್ರಾವೆಲ್ ಆಫೀಸಿಗೆ ಹೋಗಿದ್ದೆವು. ಬರುವ ಮೇ ತಿಂಗಳಿಗೆ ನಮ್ಮ ಮದುವೆಯಾಗಿ 25 ವರ್ಷ. ಯುರೋಪಿನ ಯಾವುದಾದರೂ ಹಳ್ಳಿ ಕಡೆ ಒಂದು ವಾರ ಇದ್ದು ಬರೋಣ ಅಂತ ಆಸೆ. ಇಟಲಿಯ ಟಸ್ಕನಿಯೋ, ಫ್ರಾನ್ಸಿನ ಪ್ರೊವಾನ್ಸೋ ಅನ್ನುವುದು ಮಾತ್ರ ಇತ್ಯರ್ಥ ಆಗಿರಲಿಲ್ಲ. ಆಫೀಸಿನವರು ಒಂದು ಹಾಳೆ ಮುಂದಿಟ್ಟರು. ಕಣ್ಣು ತುಂಬುವಷ್ಟು ನೇರಳೆ ಹೊಲ. ನಡುವೆ ಬಿಳಿ ಗೌನು ಹಾಕಿ ನಿಂತ ಹುಡುಗಿ, ಕೈಯಲ್ಲಿ ಟೋಪಿ. ಅದರ ಕೆಳಗೇ ಪ್ರಯಾಣದ ದಿನ: ಮೇ ಎರಡನೇ ವಾರ.

"ಮೇನಲ್ಲಿ ಲ್ಯಾವೆಂಡರ್ ಎಲ್ಲಿರುತ್ತೆ ಸರ್?" ಅಂತ ಕೇಳಿದೆ.

"ಪ್ರೊವಾನ್ಸ್ ಅಂದ್ರೇನೇ ಲ್ಯಾವೆಂಡರ್ ಮೇಡಂ," ಅಂದರು.

ನನಗೆ ಸಿಟ್ಟು ಬಂತು. ಈಗಲೂ ಇಳಿದಿಲ್ಲ. ಲ್ಯಾವೆಂಡರ್‌ಗೆ ಬಣ್ಣ ಬರುವುದು ಜೂನ್ ಮಧ್ಯದ ಮೇಲೆ. ಪ್ರೊವಾನ್ಸಿನ ವಾಲಾನ್ಸೋಲ್ ಬಯಲಿನಲ್ಲಿ ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ ತುಂಬಿಕೊಂಡಿರುತ್ತದೆ, ಆಮೇಲೆ ಕಟಾವು. ಇನ್ನೂ ಎತ್ತರದ ಊರುಗಳಲ್ಲಿ ಸ್ವಲ್ಪ ತಡ. ಮೇನಲ್ಲಿ ಹೋದರೆ ಸಾಲು ಸಾಲು ಬೂದುಹಸಿರು ಪೊದೆ ಅಷ್ಟೇ. ಗೊರ್ದ್ ಊರಿನ ಹತ್ತಿರ 1148ರಲ್ಲಿ ಸ್ಥಾಪನೆಯಾದ ಸೆನಾಂಕ್ ಮಠ ಇದೆ, ಅದರ ಮುಂದಿನ ನೇರಳೆ ಸಾಲುಗಳ ಫೋಟೋ ನೀವೂ ನೋಡಿರುತ್ತೀರಿ. ಅದೂ ಬೇಸಿಗೆಯ ಚಿತ್ರವೇ. ಲಕ್ಷಾಂತರ ರೂಪಾಯಿ ಕಟ್ಟಿ, ಜೀವನದಲ್ಲಿ ಒಂದೇ ಸಲ ಅಂತ ಹೊರಟ ಗಂಡ ಹೆಂಡತಿಗೆ ಇದನ್ನು ಮೊದಲೇ ಹೇಳಬೇಕಾದದ್ದು ಯಾರು?

ನಾನು ನವಲಗುಂದದ ಕಡೆಯ ಎರೆ ಹೊಲದಲ್ಲಿ ಆಡಿ ಬೆಳೆದವಳು, ನಿಮಗೆ ಗೊತ್ತೇ ಇದೆ. ನಮ್ಮೂರಿಗೆ ಯಾರಾದರೂ ಜೂನ್‌ನಲ್ಲಿ ಬಂದು ಕಡಲೆ ಗಿಡ ಎಲ್ಲಿ ಅಂತ ಕೇಳಿದರೆ ಏನು ತೋರಿಸೋದು? ಹೊಲಕ್ಕೆ ಒಂದು ಕಾಲ ಇದೆ. ಇಟಲಿಯಲ್ಲಾದರೂ ಅಷ್ಟೇ, ಫ್ರಾನ್ಸಿನಲ್ಲಾದರೂ ಅಷ್ಟೇ. ಹಳ್ಳಿ ನೋಡಲು ಹೊರಟವರು ಮೊದಲು ಕೇಳಬೇಕಾದದ್ದು ಆ ತಿಂಗಳು ಅಲ್ಲಿ ಏನು ಬೆಳೆದು ನಿಂತಿರುತ್ತೆ ಅಂತ. ಅದನ್ನು ಬಿಟ್ಟು ಎಲ್ಲರೂ ಫೋಟೋ ಹಿಡಿದು ಕೂರುತ್ತಾರೆ.

ಪ್ರೊವಾನ್ಸ್ ಮೇಲೆ ನನಗೆ ಕೋಪ ಇಲ್ಲ. ಮೇನಲ್ಲಿ ಲುಬೆರೋನ್ ಕಡೆ ಚೆರ್ರಿ ಹಣ್ಣಾಗಲು ಶುರುವಾಗುತ್ತೆ. ಆಪ್ತ್ ಊರಿನ ಶನಿವಾರದ ಸಂತೆ ದೊಡ್ಡದು. ರೂಸಿಯೋನ್‌ನಲ್ಲಿ ಕಾವಿ ಮಣ್ಣಿನ ಕೆಂಪು ಹಳದಿ ಗುಡ್ಡಗಳಿವೆ, ಮನೆ ಗೋಡೆಗಳಿಗೂ ಅದೇ ಬಣ್ಣ. ಅದನ್ನು ಹೇಳಿ ಕರೆಯಲಿ, ಖುಷಿಯಿಂದ ಹೋಗೋಣ. ಇಲ್ಲದ ಹೂವು ತೋರಿಸಿ ಯಾಕೆ ಕರೆಯುತ್ತೀರಿ?

ಇನ್ನು ನನ್ನ ನಾದಿನಿಯ ಸಲಹೆ. "ಅತ್ತಿಗೆ, ಮತ್ತೆ ಯಾವಾಗ ಹೋಗ್ತೀರಿ? ವೀಸಾ ಹೇಗೂ ಒಂದೇ, ಎರಡೂ ಮುಗಿಸ್ಕೊಂಡು ಬನ್ನಿ." ಷೆಂಗೆನ್ ವೀಸಾ ಒಂದೇ ಸಾಕು, ನಿಜ. ಜಾಸ್ತಿ ರಾತ್ರಿ ಉಳಿಯುವ ದೇಶದ ಕಡೆಯಿಂದ ತೆಗೆಸಿದರೆ ಆಯ್ತು. ಪ್ರೀತಿಯಿಂದಲೇ ಹೇಳಿದ ಮಾತು ಅದು. ಆದರೆ ಟಸ್ಕನಿಯ ಫ್ಲಾರೆನ್ಸ್‌ನಿಂದ ಪ್ರೊವಾನ್ಸಿನ ಅವಿನ್ಯೋಂಗೆ ಕಾರಿನಲ್ಲಿ ಏಳು ಗಂಟೆ ಹತ್ತಿರ. ಒಂದು ವಾರದಲ್ಲಿ ಅದೇ ಒಂದು ದಿನ ನುಂಗಿತು. ಪೆಟ್ಟಿಗೆ ಕಟ್ಟೋದು ಬಿಚ್ಚೋದಕ್ಕೆ ಇನ್ನೊಂದು ದಿನ. ಹಳ್ಳಿಯಲ್ಲಿ "ಮುಗಿಸೋದು" ಅಂತ ಏನಿರುತ್ತೆ ಹೇಳಿ? ಬೆಳಿಗ್ಗೆ ಎದ್ದು ಬಾಗಿಲು ತೆಗೆದು ನಿನ್ನೆಯ ಹೊಲವನ್ನೇ ಇವತ್ತಿನ ಬಿಸಿಲಲ್ಲಿ ನೋಡಬೇಕು. ಅಷ್ಟಕ್ಕೇ ಅಲ್ವಾ ಹೋಗೋದು?

ನನ್ನ ಮನಸ್ಸು ಟಸ್ಕನಿಯ ದಕ್ಷಿಣಕ್ಕಿರುವ ವಾಲ್ ದೋರ್ಚಾ ಕಣಿವೆಯ ಮೇಲೆ. ಅಲ್ಲಿ ಗೋಧಿ ಬಿತ್ತುವುದು ನಮ್ಮ ಹಾಗೇ ಹಿಂಗಾರಿನ ಹೊತ್ತಿಗೆ, ಅಕ್ಟೋಬರ್ ನವೆಂಬರಿನಲ್ಲಿ. ಆದರೆ ನಮ್ಮದು ಫೆಬ್ರವರಿ ಮಾರ್ಚಿಗೆ ಕೊಯ್ಲಿಗೆ ಬರುತ್ತೆ. ಅಲ್ಲಿ ಚಳಿ, ಬೆಳೆ ನಿಧಾನ. ಮೇನಲ್ಲಿ ಗುಡ್ಡಗುಡ್ಡವೇ ಹಸಿರು, ನಡುನಡುವೆ ಕೆಂಪು ಪಾಪಿ ಹೂವು. ಜೂನ್‌ನಲ್ಲಿ ಹೊಂಬಣ್ಣ, ಅದಾದ ಮೇಲೆ ಕೊಯ್ಲು, ಆಮೇಲೆ ಬರೀ ಮಣ್ಣು. ನಮ್ಮ ಮದುವೆಯ ದಿನಕ್ಕೆ ಆ ಹೊಲ ತಾನಾಗಿಯೇ ಹೊಂದಿ ಬರುತ್ತೆ.

ಆ ಚೆಂದ ಸುಮ್ನೆ ಬಂದದ್ದಲ್ಲ. 14, 15ನೇ ಶತಮಾನದಲ್ಲಿ ಸಿಯೆನಾ ನಗರದವರು ಆ ಬಯಲನ್ನು ಬೇಸಾಯಕ್ಕೆ ಅಂತಲೇ ತಿದ್ದಿದರು. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಆ ಇಡೀ ಬಯಲು. ಸಿಯೆನಾದವರು ತಿದ್ದಿದ ಮೇಲೆ ಶತಮಾನಗಟ್ಟಲೆ ಅಲ್ಲಿ ದುಡಿದವರು ಪಾಲಿಗೆ ಹೊಲ ಮಾಡುವ ರೈತರು. ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ, ಅರ್ಧ ತಮಗೆ. ಮೆಜ್ಜಾದ್ರಿಯಾ ಅನ್ನುತ್ತಾರೆ. ಇಂಥ ಹೊಸ ಕರಾರು ಕೂಡದು ಅಂತ ಇಟಲಿಯಲ್ಲಿ ಕಾನೂನು ಬಂದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಕುಟುಂಬಗಳು ಪಟ್ಟಣ ಸೇರಿದ್ದವು, ಕಲ್ಲಿನ ಮನೆಗಳು ಖಾಲಿ ಬಿದ್ದವು. ಆಮೇಲೆ 1985ರ ಕಾನೂನು ರೈತರು ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳಲು ದಾರಿ ಮಾಡಿತು. ಅಗ್ರಿತುರಿಸ್ಮೋ ಅಂದರೆ ಇದೇ. ಬೇಸಾಯ ಮುಖ್ಯ ಕಸುಬಾಗಿಯೇ ಉಳಿಯಬೇಕು ಅನ್ನುವುದು ಅದರ ಶರತ್ತು.

ಇದನ್ನು ಓದುವಾಗ ನನಗೆ ನಮ್ಮ ಅಜ್ಜ ನೆನಪಾದರು. ಅವರೂ ಕೋರಿಗೆ, ಅಂದರೆ ಪಾಲಿಗೆ, ಹೊಲ ಮಾಡುತ್ತಿದ್ದವರೇ. 1974ರ ಭೂಸುಧಾರಣೆಯ ಮೇಲೆ ಅರ್ಜಿ ಹಾಕಿ, ಕಚೇರಿಗೆ ಅಲೆದು, ಆ ಎರೆ ಹೊಲ ನಮ್ಮ ಹೆಸರಿಗಾಯಿತು. ಅಪ್ಪ ಹೋದ ಮೇಲೆ ನಾವೇ ಅದನ್ನು ಮಾರಿದೆವು. ಯಾರ ಹತ್ತಿರವೂ ಇದನ್ನು ಹೆಚ್ಚು ಮಾತಾಡಿಲ್ಲ. ಗೋಧಿ ಹೊಲದ ಬದುವಿನ ಮೇಲೆ ನಮ್ಮ ಮನೆಯವರ ಜೊತೆ ಒಂದು ಸಲವೂ ನಡೆದಿಲ್ಲ ನಾನು. ಅವರು ಮೈಸೂರಿನ ಪೇಟೆಯಲ್ಲಿ ಬೆಳೆದವರು. ಬಿತ್ತಿದ ಹೊಲ ನೋಡಿದರೆ ನನಗೆ ಏನಾಗುತ್ತೆ ಅಂತ ಅವರಿಗೆ ಬಾಯಲ್ಲಿ ಹೇಳಿದ್ದೇನೆ ಅಷ್ಟೇ. ಅದಕ್ಕೇ ಆ ಹಾಳೆ ನೋಡಿ ಅಷ್ಟು ಉರಿದದ್ದು. ಹೊಲ ಅಂದರೆ ನಿಂತು ಫೋಟೋ ತೆಗೆಸಿಕೊಳ್ಳುವ ಪರದೆ ಅಂತ ಆ ಆಫೀಸಿನವರು ತಿಳಿದಿದ್ದಾರೆ.

ಊಟದ ಚಿಂತೆಯೂ ಕಡಿಮೆ, ನಾವಿಬ್ಬರೂ ಸಸ್ಯಾಹಾರಿಗಳು. ಅಲ್ಲಿ ಪಿಚಿ ಅಂತ ಮಾಡುತ್ತಾರೆ, ಹಿಟ್ಟು ನೀರು ಕಲಸಿ ಕೈಯಲ್ಲೇ ಉದ್ದಕ್ಕೆ ಹೊಸೆಯೋದು. ನಮ್ಮವ್ವ ಹೊಸೆಯುತ್ತಿದ್ದ ಶಾವಿಗೆಯ ಹಾಗೆ, ಆದರೆ ದಪ್ಪ. ಟೊಮೆಟೊ, ದೊಡ್ಡ ಬೆಳ್ಳುಳ್ಳಿ ಹಾಕಿದ ಸಾರು ಅದಕ್ಕೆ. ಬ್ರೆಡ್ಡಿಗೆ ಮಾತ್ರ ಉಪ್ಪು ಹಾಕುವುದಿಲ್ಲ ಅಲ್ಲಿ.

ಆ ಆಫೀಸಿಗೆ ಇವತ್ತು ಫೋನ್ ಮಾಡಿ ಬೇಡ ಅಂತ ಹೇಳಿದೆ. "ಜುಲೈಗೆ ಹಾಕಿಕೊಡ್ಲಾ ಮೇಡಂ?" ಅಂದರು. ಮದುವೆಯಾದದ್ದು ಮೇನಲ್ಲಿ, ಜುಲೈನಲ್ಲಿ ಹೋಗಿ ಏನು ಮಾಡಲಿ? ಪಿಯೆಂಜಾ ಮತ್ತು ಸಾನ್ ಕ್ವಿರಿಕೊ ಊರುಗಳ ನಡುವೆ ಬೇಸಾಯ ನಡೆಯುತ್ತಿರುವ ಒಂದು ತೋಟದ ಮನೆ ಹುಡುಕುತ್ತಿದ್ದೇವೆ. ಇಡೀ ವಾರ ಅಲ್ಲೇ. ಕಾರು ನಮ್ಮ ಮನೆಯವರು ಓಡಿಸುತ್ತಾರೆ, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ಗೆ ಆರ್‌ಟಿಓಗೆ ಮುಂದಿನ ವಾರ ಹೋಗಬೇಕು. ಹಳೇ ಊರುಗಳ ಒಳಗೆ ಹೊರಗಿನ ಕಾರು ನುಗ್ಗಿದರೆ ಕ್ಯಾಮೆರಾ ಹಿಡಿದು ದಂಡ ಹಾಕುತ್ತಾರಂತೆ, ಅದೊಂದು ಭಯ ಇದೆ. ಆ ಕಡೆ ಕಾರು ಓಡಿಸಿದವರು ಯಾರಾದರೂ ಇದ್ದರೆ, ಪಿಯೆಂಜಾದಲ್ಲಿ ಕಾರು ಎಲ್ಲಿ ನಿಲ್ಲಿಸಿದಿರಿ ಅಂತ ಕಾಮೆಂಟಿನಲ್ಲಿ ಹೇಳಿ.