ಬಿಪಿ, ಶುಗರ್ ತಡೆಯೋಕೆ ಊರಿಗೊಂದು ದಾರಿ ಬೇಕಾ?

ಪರ: ಊರಿನ ಮಾತಲ್ಲಿ ಕೇಳಿದರೆ ಉತ್ತರ ಸಿಗುತ್ತದೆ

ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಒಂದು ಫಾರಂ ಇರುತ್ತದೆ. 30 ವರ್ಷ ದಾಟಿದವರ ಮನೆಗೆ ಹೋಗಿ ತುಂಬಬೇಕು. ವಯಸ್ಸೆಷ್ಟು, ಸೊಂಟದ ಸುತ್ತಳತೆ ಎಷ್ಟು, ತಂಬಾಕು, ಕುಡಿತ ಇದೆಯಾ, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್ ಇದೆಯಾ ಅಂತೆಲ್ಲ ಕೇಳಬೇಕು. ಉತ್ತರಗಳಿಗೆ ಅಂಕ ಇರುತ್ತದೆ, ಒಟ್ಟು ನಾಲ್ಕು ದಾಟಿದರೆ ತಪಾಸಣೆಗೆ ಬೇಗ ಕಳಿಸಬೇಕು. ಇಡೀ ದೇಶಕ್ಕೆ ಇದೊಂದೇ ಫಾರಂ. ಕೆಟ್ಟದ್ದೇನಲ್ಲ.

ಮಂಡ್ಯ ಕಡೆಯ ಒಂದು ಹಳ್ಳಿಯಲ್ಲಿ ಪರಿಚಯದ ಆಶಾ ಒಬ್ಬರ ಜೊತೆ ಜಗಲಿ ಮೇಲೆ ಕೂತಿದ್ದೆ. "ತಂಬಾಕು ಹಾಕ್ತೀರಾ ಅಜ್ಜಿ?" ಅಂತ ಅವರು ಕೇಳಿದರು. "ಅಯ್ಯೋ, ನಂಗ್ಯಾಕವ್ವ ಆ ಚಟ" ಅಂದರು ಅಜ್ಜಿ. ಅಲ್ಲಿಗೇ 'ಇಲ್ಲ' ಅಂತ ಬರೆದು ಏಳಬಹುದಿತ್ತು. ಏಳಲಿಲ್ಲ. "ಕಡ್ಡಿಪುಡಿ?" ಅಂದರು. ಅದೂ ತಂಬಾಕೇ. "ಅದಾ? ಎಲೆಅಡಿಕೆ ಜೊತೆ ಒಂಚೂರು. ಅದಿಲ್ದೆ ಬಾಯಿ ಸಪ್ಪಗಾಯ್ತದಲ್ಲ." ದಿನಕ್ಕೆ ಎಷ್ಟು ಸಲ ಅಂದರೆ ಅಜ್ಜಿ ಬೆರಳು ಮಡಚುತ್ತಾ ಮಡಚುತ್ತಾ ಎರಡನೇ ಕೈಗೆ ಹೋದರು.

ವ್ಯಾಯಾಮದ್ದೂ ಇದೇ ಕಥೆ. ವಾರಕ್ಕೆ 150 ನಿಮಿಷ ಮೈ ದಣಿಸುತ್ತೀರಾ ಅನ್ನೋದು ಫಾರಂನ ಪ್ರಶ್ನೆ. ಆದರೆ ಬಾಯಿಗೆ ಬರುವುದು "ವ್ಯಾಯಾಮ ಮಾಡ್ತೀರಾ?" ಅಂತ. ಆ ಪದ ಕೇಳಿದರೆ ಜನಕ್ಕೆ ಪಾರ್ಕು, ಶೂ ನೆನಪಾಗುತ್ತದೆ. ರಾಯಚೂರಿನ ಹೊಲದಲ್ಲಿ ಬಿಸಿಲಿಗೆ ಬೆನ್ನೊಡ್ಡಿ ಹತ್ತಿ ಬಿಡಿಸುವವಳು "ಇಲ್ರಿ" ಅನ್ನುತ್ತಾಳೆ. ಬಂಟ್ವಾಳದಲ್ಲಿ ತೊಡೆ ಮೇಲೆ ಮೊರ ಇಟ್ಟುಕೊಂಡು ಸಂಜೆವರೆಗೂ ಬೀಡಿ ಕಟ್ಟುವವಳೂ "ಇಲ್ಲ" ಅನ್ನುತ್ತಾಳೆ. ಮೊದಲನೆಯವಳಿಗೆ ಬೇಕಾದದ್ದು ಒಂದಿಷ್ಟು ವಿಶ್ರಾಂತಿ. ಎರಡನೆಯವಳ ಕಾಲು ದಿನವಿಡೀ ಅಲ್ಲಾಡಿಲ್ಲ. ಫಾರಂನಲ್ಲಿ ಇಬ್ಬರಿಗೂ ಒಂದೇ ಅಂಕ!

ಉಪ್ಪಿಗೆ ಬನ್ನಿ. ದಿನಕ್ಕೆ 5 ಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ಗ್ರಾಂ ಅಂದರೆ ಒಂದು ಸಣ್ಣ ಚಮಚ. ಆದರೆ ಅಡುಗೆಮನೆಯಲ್ಲಿ ಯಾರು ತೂಗಿ ಹಾಕುತ್ತಾರೆ? ಕರಾವಳಿಯಲ್ಲಿ ಉಪ್ಪು ಬರುವುದು ಗಂಜಿ ಪಕ್ಕದ ಉಪ್ಪಿನಕಾಯಿ, ಒಣಮೀನಿನಿಂದ. ಬಯಲುಸೀಮೆಯಲ್ಲಿ ಸಂಡಿಗೆ, ಬಾಳಕದ ಮೆಣಸಿನಕಾಯಿಯಿಂದ. ಬೆಂಗಳೂರಿನಲ್ಲಿ ಬೇಕರಿಯಿಂದ. "ಉಪ್ಪು ಕಮ್ಮಿ ಮಾಡಿ" ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಸಾರಿಗೆ ಒಂದು ಚಿಟಿಕೆ ಕಡಿಮೆ ಹಾಕಿ ಉಪ್ಪಿನಕಾಯಿ ಇನ್ನೊಂದು ಹೋಳು ಬಡಿಸಿಕೊಳ್ಳುತ್ತಾರೆ.

ಊರು ನೋಡಿ ಕೆಲಸ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ಫಿನ್ಲೆಂಡಿನ ಉತ್ತರ ಕರೇಲಿಯ ಇದೆ. 1972ರಲ್ಲಿ ಅಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತಕ್ಕೆ ಸಾಲುಸಾಲಾಗಿ ಸಾಯುತ್ತಿದ್ದರು. ಅದು ಹೈನುಗಾರಿಕೆಯ ನಾಡು, ಬ್ರೆಡ್ಡಿಗೂ ಬೆಣ್ಣೆ, ಅಡುಗೆಗೂ ಬೆಣ್ಣೆ. ಪೆಕ್ಕ ಪುಸ್ಕ ಎಂಬ ಯುವ ವೈದ್ಯರ ತಂಡ ಬರೀ ಕರಪತ್ರ ಹಂಚಿ ಸುಮ್ಮನಾಗಲಿಲ್ಲ. ಮಾರ್ಥಾ ಎಂಬ ಗೃಹಿಣಿಯರ ಸಂಘದ ಜೊತೆ ಸೇರಿ ಊರೂರಲ್ಲಿ ಅಡುಗೆ ಮಾಡಿ ಉಣಬಡಿಸಿತು. ತಮ್ಮದೇ ಖಾದ್ಯ, ಕೊಬ್ಬು ಕಡಿಮೆ, ತರಕಾರಿ ಜಾಸ್ತಿ. ಕೊಲೆಸ್ಟರಾಲ್ ಇಳಿಸೋಕೆ ಹಳ್ಳಿ ಹಳ್ಳಿಗಳ ನಡುವೆ ಪೈಪೋಟಿ ಇಟ್ಟರು. ಹೈನುಗಾರರು ಮುನಿಸಿಕೊಂಡಾಗ ಬೆರ್ರಿ ಹಣ್ಣು ಬೆಳೆಯೋಕೆ ದಾರಿ ಮಾಡಿದರು. ಕೆಲವು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯದ ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು. ನಮ್ಮ ಸ್ತ್ರೀಶಕ್ತಿ ಸಂಘಗಳು ವಾರಕ್ಕೊಮ್ಮೆ ಸೇರುತ್ತವೆ, ಸಾಲದ ಲೆಕ್ಕ ಮುಗಿದ ಮೇಲೆ ಇಂಥ ಅಡುಗೆಗೆ ಅರ್ಧ ಗಂಟೆ ಉಳಿದೇ ಉಳಿಯುತ್ತದೆ.

ವಿರೋಧ: ಅಮ್ಲೋಡಿಪಿನ್ ಮಾತ್ರೆಗೆ ಜಿಲ್ಲೆ ಗೊತ್ತಿಲ್ಲ

ಕಡ್ಡಿಪುಡಿ ಅಂತಲೇ ಕೇಳಬೇಕು, ಒಪ್ಪಿದೆ. ಅದಕ್ಕೆ ಆಶಾ ಅವರ ಬಾಯಿ ಸಾಕಲ್ವಾ? ಬೇರೆ ಫಾರಂ ಯಾಕೆ, ಬೇರೆ ಕಾರ್ಯಕ್ರಮ ಯಾಕೆ?

ಬಿಪಿಗೆ ಕೊಡುವ ಅಮ್ಲೋಡಿಪಿನ್ 5 ಮಿಲಿಗ್ರಾಂ ಬೀದರಿನಲ್ಲೂ ಅದೇ ಕೆಲಸ ಮಾಡುತ್ತದೆ, ಚಾಮರಾಜನಗರದಲ್ಲೂ ಅದೇ. ದೇಶದ ಬಿಪಿ ನಿಯಂತ್ರಣ ಯೋಜನೆ ಐಎಚ್‌ಸಿಐ ಮೊದಲು ಶುರುವಾದದ್ದು ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರಗಳಲ್ಲಿ. ಮೊದಲು ಯಾವ ಮಾತ್ರೆ, ಬಿಪಿ ಇಳಿಯದಿದ್ದರೆ ಮುಂದೆ ಯಾವುದು ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದರು. ರಾಜ್ಯಕ್ಕೊಂದು ಹಾಳೆ ನಿಜ, ಆದರೆ ಆ ರಾಜ್ಯದೊಳಗೆ ಎಲ್ಲಾ ಆಸ್ಪತ್ರೆಗೂ ಅದೇ. ಪಟ್ಟಿ ಚಿಕ್ಕದಾದರೆ ಖರೀದಿ ಸುಲಭ, ತಿಂಗಳ ಮಾತ್ರೆ ಒಟ್ಟಿಗೆ ಕೊಡೋದೂ ಸುಲಭ. 2022ರಲ್ಲಿ ಈ ಕೆಲಸಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು.

ನಮ್ಮ ಚಿಕ್ಕಪ್ಪನ ವಿಷಯ ಹೇಳುತ್ತೇನೆ. ಶುಗರ್ ಬಂದು ಆರು ವರ್ಷ. ಸಿರಿಧಾನ್ಯದ ಗುಣಗಾನ ಮಾಡುವ ಕರಪತ್ರ ಯಾರೋ ಕೊಟ್ಟರು. "ರಾಗಿ ತಾನೇ" ಅಂತ ರಾತ್ರಿ ಎರಡು ದೊಡ್ಡ ಮುದ್ದೆ ನುಂಗತೊಡಗಿದರು. ರಾಗಿ ಹಿಟ್ಟಿನಲ್ಲೂ ಪಿಷ್ಟವೇ ಜಾಸ್ತಿ, ಮುದ್ದೆ ದೊಡ್ಡದಾದಷ್ಟೂ ಶುಗರ್ ಏರುತ್ತದೆ. ನಮ್ಮೂರ ಊಟ ಅಂದ ಮಾತ್ರಕ್ಕೆ ರಕ್ತಕ್ಕೆ ಅಭಿಮಾನ ಬರಲ್ಲ. ಅದೇ ಹೊತ್ತಿಗೆ ಅವರು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಮುಗಿದಿತ್ತು. "ಮುಂದಿನ ವಾರ ಬನ್ನಿ" ಅಂದರು. ಮುಂದಿನ ವಾರವೂ ಅದೇ ಮಾತು. ಮೂರನೇ ಸಲ ಚಿಕ್ಕಪ್ಪ ಹೋಗಲೇ ಇಲ್ಲ.

ಊರಿಗೆ ಒಗ್ಗಿಸಿದರೆ ಸಾಕು, ಕಾಯಿಲೆ ತಾನಾಗಿ ತಪ್ಪುತ್ತದೆ ಅನ್ನುವವರು ತಿರುವನಂತಪುರದ ಕಥೆ ಕೇಳಬೇಕು. ಶುಗರ್ ಬರುವ ಅಪಾಯ ಇದ್ದ 1,007 ಜನರನ್ನು 60 ಮತಗಟ್ಟೆ ಪ್ರದೇಶಗಳಿಂದ ಆರಿಸಿದರು. ಶುಗರ್ ತಡೆಯುವ ಹೊರದೇಶದ ಕಾರ್ಯಕ್ರಮವನ್ನು ಕೇರಳಕ್ಕೆ ತಕ್ಕಂತೆ ಬಹಳ ಅಕ್ಕರೆಯಿಂದ ಬದಲಾಯಿಸಿ, ಅರ್ಧ ಪ್ರದೇಶಗಳಲ್ಲಿ ಮಾತ್ರ ನಡೆಸಿದರು, ಅಲ್ಲಿ ಊರಿನವರನ್ನೇ ಗುಂಪಿಗೆ ಮುಂದಾಳು ಮಾಡಿದರು. ಎರಡು ವರ್ಷದ ಮೇಲೆ ಕಾರ್ಯಕ್ರಮ ಇಲ್ಲದ ಕಡೆ ಶೇ 17.1 ಜನಕ್ಕೆ ಶುಗರ್ ಬಂದಿತ್ತು, ಇದ್ದ ಕಡೆ ಶೇ 14.9 ಜನಕ್ಕೆ. ಇಷ್ಟು ವ್ಯತ್ಯಾಸ ಆಕಸ್ಮಿಕವೂ ಇರಬಹುದು ಅಂತ ಸಂಶೋಧಕರೇ 2018ರಲ್ಲಿ ಬರೆದರು. ತರಕಾರಿ, ಹಣ್ಣು ತಿನ್ನೋದು ಹೆಚ್ಚಾಯಿತು, ಕುಡಿತ ಕಡಿಮೆಯಾಯಿತು. ಅದು ಒಳ್ಳೆಯದೇ, ಇಲ್ಲ ಅನ್ನಲ್ಲ.

ಇನ್ನೊಂದು ಕಡೆ ನೋಡಿ. 2022ರ ಜನವರಿಯಿಂದ ಎಣ್ಣೆ, ವನಸ್ಪತಿಯಲ್ಲಿ ಹೃದಯಕ್ಕೆ ಕೆಡುಕು ಮಾಡುವ ಟ್ರಾನ್ಸ್ ಕೊಬ್ಬು ಶೇ 2 ದಾಟಬಾರದು ಅಂತ ದೇಶಕ್ಕೆಲ್ಲ ಒಂದು ನಿಯಮ ಬಂತು. ಯಾರ ಮನೆ ಬಾಗಿಲನ್ನೂ ತಟ್ಟಬೇಕಾಗಲಿಲ್ಲ. ಸಿಗರೇಟ್ ಪ್ಯಾಕಿನ ಮೇಲಿನ ಆ ಭಯಂಕರ ಚಿತ್ರವೂ ಹಾಗೇ. ಇಂಥದ್ದನ್ನು ಊರಿಗೆ ಬಿಟ್ಟರೆ ಏನಾಗುತ್ತದೆ? ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪೇ ಹಣದ ಬೆಳೆ. ದಕ್ಷಿಣ ಕನ್ನಡದಲ್ಲಿ ಬೀಡಿ ಎಷ್ಟೋ ಮನೆಯ ಒಲೆ ಉರಿಸಿದೆ. ಅಲ್ಲಿ ಯಾವ ಪಂಚಾಯಿತಿ ತಂಬಾಕಿಗೆ ತೆರಿಗೆ ಏರಿಸಿ ಅನ್ನುತ್ತದೆ? ಫಿನ್ಲೆಂಡಿನವರು ಕೂಡ ಐದು ವರ್ಷ ಆದ ಮೇಲೆ ಆ ಕೆಲಸವನ್ನು ದೇಶಕ್ಕೆಲ್ಲ ಹರಡಿದರು. ಆ ಭಾಗ ಯಾಕೋ ಯಾರೂ ಹೇಳುವುದಿಲ್ಲ.

ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರುವವನು ವರ್ಷದಲ್ಲಿ ಎಂಟು ತಿಂಗಳು ಯಾವ ಊರಿನವನು? ಅವನ ಜೇಬಿನಲ್ಲಿ ಬಿಪಿ ಚೀಟಿ ಇದೆ, ನಾಲ್ಕಾಗಿ ಮಡಚಿ ಬೆವರಿಗೆ ಅಂಟಿಕೊಂಡಿದೆ. ಜೊತೆಗೆ ಖಾಲಿಯಾದ ಮಾತ್ರೆ ಪಟ್ಟಿ. ಇಲ್ಲಿನ ಕ್ಲಿನಿಕ್ಕಿನಲ್ಲಿ ಅದನ್ನು ತೋರಿಸಿ "ಇದೇ ಕೊಡ್ರಿ" ಅನ್ನುತ್ತಾನೆ. ಅದೇ ಮಾತ್ರೆ ಸಿಕ್ಕರೆ ಐದು ನಿಮಿಷಕ್ಕೆ ಕೆಲಸಕ್ಕೆ ವಾಪಸ್.