ಸತ್ಯಾಂಶ: ಕೆಂಪು ಚುಕ್ಕೆಗಳ ಬಾಂಬರ್ ಚಿತ್ರ ಯುದ್ಧಕಾಲದ್ದಲ್ಲ

ವಿಮಾನದ ನಕ್ಷೆಯೊಂದರ ರೆಕ್ಕೆ, ಬಾಲದ ಮೇಲೆ ಕೆಂಪು ಚುಕ್ಕೆಗಳು. ಎರಡನೇ ಮಹಾಯುದ್ಧದಲ್ಲಿ ಮರಳಿದ ಬಾಂಬರುಗಳಿಗೆ ಗುಂಡು ತಗುಲಿದ ಜಾಗಗಳಿವು, ಇದನ್ನು ನೋಡಿಯೇ ಗಣಿತಜ್ಞರೊಬ್ಬರು ‘ಕವಚ ಬೇಕಿರುವುದು ಚುಕ್ಕೆ ಇರುವಲ್ಲಲ್ಲ, ಇಲ್ಲದಲ್ಲಿ’ ಎಂದು ಸೇನಾಧಿಕಾರಿಗಳನ್ನು ತಿದ್ದಿದರು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ.

ಚಿತ್ರ ಈ ಶತಮಾನದ್ದು, ಚುಕ್ಕೆಗಳು ಊಹೆಯವು. 1943ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರೊಬ್ಬರು ಈ ಬಗ್ಗೆ ಟಿಪ್ಪಣಿಗಳನ್ನು ಬರೆದದ್ದು ನಿಜ. ಬಿದ್ದುಹೋದ ವಿಮಾನದ ಗಾಯ ಲೆಕ್ಕಕ್ಕೆ ಸಿಗುವುದಿಲ್ಲ ಎಂಬ ತರ್ಕವೂ ಸರಿಯೇ. ಹಂಚುವವರಿಗೆ ಹಿಡಿಸಿದ್ದು ಬಹುಶಃ ಅದೇ. ಆದರೆ ಆ ಟಿಪ್ಪಣಿಗಳ ತುಂಬ ಇರುವುದು ಸೂತ್ರಗಳು, ಕೋಷ್ಟಕಗಳು. ಈ ಚಿತ್ರವೂ ಇಲ್ಲ, ಅಧಿಕಾರಿಗಳ ಜೊತೆಗಿನ ವಾದವೂ ಇಲ್ಲ.

ಪರೀಕ್ಷಿಸಲು ಐದು ನಿಮಿಷ ಸಾಕು. ಮೊದಲು ಎಂಜಿನ್ ಎಣಿಸಿ: ಹೆಚ್ಚಾಗಿ ಹರಿದಾಡುವ ಚಿತ್ರದಲ್ಲಿ ಎರಡೇ ಇವೆ. ಲ್ಯಾಂಕಾಸ್ಟರ್, ಬಿ-17ರಂಥ ಭಾರೀ ಬಾಂಬರುಗಳಿಗೆ ನಾಲ್ಕು. ಆಮೇಲೆ ಚಿತ್ರವನ್ನೇ ಗೂಗಲ್‌ಗೆ ಕೊಟ್ಟು, ಅದು ಮೊದಲು ಯಾವಾಗ ಕಾಣಿಸಿತೆಂದು ಹುಡುಕಿ. 1980ರಲ್ಲಿ ಮರುಮುದ್ರಣಗೊಂಡ ಮೂಲ ಟಿಪ್ಪಣಿಗಳೂ ಅಂತರ್ಜಾಲದಲ್ಲಿ ಸಿಗುತ್ತವೆ.

ಚುಕ್ಕೆಗಳ ಹಿಂದಿನ ಮನುಷ್ಯರು ಈ ಸಂದೇಶದಲ್ಲಿ ಕಾಣಿಸುವುದೇ ಇಲ್ಲ, ನನಗೆ ನೋವಾಗುವುದು ಅಲ್ಲಿ. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಜನ ಸತ್ತರು. ಒಬ್ಬರ ಸೇವೆಯ ಒಂದು ಸರದಿ ಮುಗಿಯಲು ಸಾಮಾನ್ಯವಾಗಿ 30 ದಾಳಿಗೆ ಹೋಗಬೇಕಿತ್ತು. ಲ್ಯಾಂಕಾಸ್ಟರಿನ ಏಳು ಜನರಲ್ಲಿ ಬಾಲದ ಗನ್ನರ್ ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ಒಂಟಿಯಾಗಿ ಕೂರುತ್ತಿದ್ದ. ಆ ಗೂಡು ಎಷ್ಟು ಇಕ್ಕಟ್ಟೆಂದರೆ ಪ್ಯಾರಾಶೂಟನ್ನು ಸಾಮಾನ್ಯವಾಗಿ ಹೊರಗೆ, ಬಾಗಿಲ ಹಿಂದೆ ಇಡಬೇಕಿತ್ತು. ಬೆಂಕಿ ಹತ್ತಿದರೆ ಮೊದಲು ಬಾಗಿಲು ತೆರೆದು ಅದನ್ನು ಎಳೆದುಕೊಳ್ಳಬೇಕು.