ವಿದ್ಯಾರ್ಥಿವೇತನ ಕೊಟ್ಟು ಹಳ್ಳಿಶಾಲೆಗೆ ಕಳಿಸುವ ಕರಾರು: ಬೇಕೇ, ಬೇಡವೇ?

ಗಣಿತ, ವಿಜ್ಞಾನ ಪದವೀಧರರ ಬಿ.ಇಡಿ. ಖರ್ಚನ್ನು ಸರ್ಕಾರವೇ ವಹಿಸಿಕೊಂಡು, ಪ್ರತಿಯಾಗಿ ಅವರು ಮೊಳಕಾಲ್ಮೂರು, ಜಗಳೂರಿನಂತಹ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಕೆಲವು ವರ್ಷ ಕಡ್ಡಾಯವಾಗಿ ಪಾಠ ಮಾಡಬೇಕೆಂದು ಕರಾರು ಬರೆಸಿಕೊಳ್ಳಬಹುದೇ?

ಪರ

ಬೇಸಿಗೆ ರಜೆ ಮುಗಿದು ಶಾಲೆ ತೆರೆದರೆ ಗಡಿಭಾಗದ ಊರುಗಳಲ್ಲಿ ಪೋಷಕರು ಮೊದಲು ವಿಚಾರಿಸುವುದು ಲೆಕ್ಕದ ಮೇಷ್ಟ್ರು ಬಂದರೇ ಎಂದು. ಹುದ್ದೆ ಮಂಜೂರಾಗಿರುತ್ತದೆ, ಜನವಿರುವುದಿಲ್ಲ. ಬಂದವರಿಗೂ ವರ್ಗಾವಣೆಯ ಕೌನ್ಸೆಲಿಂಗ್ ಮೇಲೆಯೇ ಕಣ್ಣು. ಅತಿಥಿ ಶಿಕ್ಷಕರು ಸಿಕ್ಕುವ ಹೊತ್ತಿಗೆ ಮೊದಲ ಅಧ್ಯಾಯಗಳ ಕಾಲ ಕಳೆದುಹೋಗಿರುತ್ತದೆ.

ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಚೆನ್ನಾಗಿ ಓದಿದ ಹುಡುಗಿಯೊಬ್ಬಳು ಬಿ.ಇಡಿ.ಗೆ ಯಾವ ಆಸೆಯಿಂದ ಬರಬೇಕು? 2015ರಿಂದ ಅದು ಎರಡು ವರ್ಷದ ಕೋರ್ಸ್. ಶುಲ್ಕ, ಊಟ, ಬಾಡಿಗೆ ಎಲ್ಲವನ್ನೂ ಮನೆಯಿಂದ ತಂದು ಮುಗಿಸಿದ ಮೇಲೂ ನೇಮಕಾತಿ ಅಧಿಸೂಚನೆಗಾಗಿ ಕಾಯಬೇಕು. ಅಷ್ಟರಲ್ಲಿ ಅವಳ ಸಹಪಾಠಿಗಳು ಬೆಂಗಳೂರಿನಲ್ಲಿ ಸಂಬಳ ಎಣಿಸುತ್ತಿರುತ್ತಾರೆ.

ಅಮೆರಿಕದಲ್ಲಿ ಗಣಿತ, ವಿಜ್ಞಾನ ಶಿಕ್ಷಕರಾಗುವವರಿಗೆ 2002ರಿಂದ ರಾಬರ್ಟ್ ನಾಯ್ಸ್ ಹೆಸರಿನ ವಿದ್ಯಾರ್ಥಿವೇತನವಿದೆ. ಹಣ ಕೊಡುವುದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ. ಒಂದು ವರ್ಷ ವಿದ್ಯಾರ್ಥಿವೇತನ ಪಡೆದವರು ಶಿಕ್ಷಕರ ಕೊರತೆಯೋ ಬಡತನವೋ ಇರುವ ಕಡೆ ಎರಡು ವರ್ಷ ಕಲಿಸಬೇಕು, ಇಲ್ಲದಿದ್ದರೆ ಪಡೆದ ಹಣ ಸಾಲವಾಗುತ್ತದೆ. ನಮಗೂ ಇಂಥದ್ದು ಹೊಸದಲ್ಲ. ವೈದ್ಯಕೀಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯನ್ನು ವಿಧಿಸುವ ಕಾಯ್ದೆಯನ್ನು ಕರ್ನಾಟಕ 2012ರಲ್ಲೇ ರೂಪಿಸಿತ್ತು. ವೈದ್ಯರನ್ನು ಕೇಳಬಹುದಾದರೆ ಶಿಕ್ಷಕರನ್ನು ಕೇಳಲು ಸಂಕೋಚವೇಕೆ? ಅದೂ ಮೊದಲು ಕೈತುಂಬ ಕೊಟ್ಟು.

ತರಬೇತಿಗೆ ದೂರ ಹೋಗಬೇಕಾಗಿಯೂ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ಅಲ್ಲಿ ಶಾಲಾ ಶಿಕ್ಷಕರನ್ನು ಉಳಿಸಿಕೊಂಡು ಅವರ ಕೈಯಿಂದಲೇ ಪ್ರಯೋಗ ಮಾಡಿಸುತ್ತಾರೆ. ದನ ಮೇಯುತ್ತಿದ್ದ ಅಮೃತಮಹಲ್ ಕಾವಲನ್ನು ಚಿತ್ರದುರ್ಗ ಜಿಲ್ಲೆ ದೇಶದ ವಿಜ್ಞಾನಕ್ಕೆ ಬಿಟ್ಟುಕೊಟ್ಟಿದೆ. ಅದರ ಸುತ್ತಲಿನ ಊರುಗಳ ಮಕ್ಕಳಿಗೆ ಖಾಯಂ ವಿಜ್ಞಾನ ಶಿಕ್ಷಕರು ಬೇಕೆನ್ನುವುದು ಅತಿಯಾಸೆಯೇನಲ್ಲ. ವಿದ್ಯಾರ್ಥಿವೇತನಕ್ಕೆ ಅದೇ ತಾಲ್ಲೂಕುಗಳ ಪದವೀಧರರನ್ನೇ ಆರಿಸಿದರಂತೂ ಅರ್ಧ ತಕರಾರು ಅಲ್ಲೇ ತೀರುತ್ತದೆ.

ವಿರೋಧ

ಹುದ್ದೆ ತುಂಬಿದರೆ ಪಾಠ ನಡೆದಂತೆಯೇ ಎಂದು ನಂಬಿದವರು ಆಡುವ ಮಾತಿದು.

ಹತ್ತನೇ ತರಗತಿಯ ಪೀನ ಮಸೂರದ ಒಂದು ಲೆಕ್ಕ ನೋಡಿ. ಸಂಗಮದೂರ 10 ಸೆಂ.ಮೀ., ವಸ್ತು ಇರುವುದು 15 ಸೆಂ.ಮೀ. ದೂರದಲ್ಲಿ. ಸೂತ್ರಕ್ಕೆ ಹಾಕಿದರೆ 1/10ರಿಂದ 1/15ನ್ನು ಕಳೆಯಬೇಕು, 1/30 ಬರಬೇಕು. ಹುಡುಗ 1/5 ಎಂದು ಬರೆಯುತ್ತಾನೆ. ಹದಿನೈದರಲ್ಲಿ ಹತ್ತು ಹೋದರೆ ಐದು ತಾನೆ! ಹುಡುಗನಿಗೆ ಬೆಳಕಿನ ಪಾಠವೇ ಅರ್ಥವಾಗಿಲ್ಲ ಎಂದು ಹೊಸ ಶಿಕ್ಷಕನಿಗೆ ಅನ್ನಿಸುತ್ತದೆ. ಕಿರಣಚಿತ್ರವನ್ನು ಮತ್ತೊಮ್ಮೆ, ಇನ್ನಷ್ಟು ಅಂದವಾಗಿ ಬಿಡಿಸುತ್ತಾನೆ. ಹುಡುಗನಿಗೆ ಬೇಕಾಗಿದ್ದುದು ಕೆಳಗಿನ ತರಗತಿಯ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ). ಹಿಂದಿನ ಬೆಂಚಿನಲ್ಲಿ ಅನುಭವಿ ಗಣಿತ ಶಿಕ್ಷಕರೊಬ್ಬರು ಕುಳಿತಿದ್ದರೆ ಇದನ್ನು ಅಂದೇ ಸಂಜೆ ಹೇಳುತ್ತಿದ್ದರು. ಅಂಥವರು ಆ ಶಾಲೆಯಲ್ಲಿಲ್ಲ. ಇರುವ ಗಣಿತದವನು ಇವನೊಬ್ಬನೇ. ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಹುದ್ದೆ ಖಾಲಿಯಿದ್ದರೆ ಜೀವಶಾಸ್ತ್ರವೂ ಅವನ ಪಾಲಿಗೆ. ಮುಖ್ಯ ಶಿಕ್ಷಕರಿಲ್ಲದಿದ್ದರೆ ಪ್ರಭಾರವೂ ಬರಬಹುದು, ಅದರೊಂದಿಗೆ ಬಿಸಿಯೂಟದ ಲೆಕ್ಕ, ಸ್ಯಾಟ್ಸ್ (ವಿದ್ಯಾರ್ಥಿಗಳ ಮಾಹಿತಿಯ ಆನ್‌ಲೈನ್ ವ್ಯವಸ್ಥೆ) ನಮೂದು.

ಪ್ರಯೋಗಾಲಯದ ಕಪಾಟಿಗೆ ಬೀಗ. ಪಟ್ಟಕ ಒಡೆದರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕು, ಆದ್ದರಿಂದ ತೆಗೆಯದಿರುವುದೇ ಕ್ಷೇಮ ಎಂದು ಹಳಬರು ಹೇಳಿಕೊಡುತ್ತಾರೆ. (ಹೊಸಬರಿಗೆ ಸಿಗುವ ಮೊದಲ ತರಬೇತಿ ಬಹುಶಃ ಇದೇ.) ಕುದಾಪುರದ ತರಬೇತಿ ಒಳ್ಳೆಯದು, ಅನುಮಾನವಿಲ್ಲ. ಅಲ್ಲಿಂದ ಬಂದ ಮರುದಿನ ಈ ಬೀಗವನ್ನು ತೆಗೆಸುವವರು ಯಾರು?

ವೈದ್ಯರ ಹೋಲಿಕೆಯೂ ನನಗೆ ಒಪ್ಪಿಗೆಯಿಲ್ಲ. ರೋಗಿ ಬಂದು ಹೋಗುತ್ತಾನೆ. ಎಂಟನೇ ತರಗತಿಗೆ ಸೇರಿದ ಮಗು ಮೂರು ವರ್ಷ ಅಲ್ಲೇ ಇರುತ್ತದೆ. ಕರಾರು ಮುಗಿಯುವ ದಿನವನ್ನೇ ಎಣಿಸುವ ಶಿಕ್ಷಕ ಆ ಮಗುವಿನ ಕೈ ಬಿಡುವುದು ಒಂಬತ್ತರಲ್ಲೋ, ಹತ್ತರ ಅರ್ಧದಲ್ಲೋ ಹೇಳಲಾಗದು.

ಹಣ ಇರುವುದಾದರೆ ನೇಮಕದ ನಂತರ ಖರ್ಚು ಮಾಡಲಿ. ಎರಡು ವರ್ಷದ ಪರೀಕ್ಷಾರ್ಥ ಅವಧಿ ಹೇಗೂ ಇದೆ, ಅದರ ಮೊದಲ ವರ್ಷ ಅರ್ಧದಷ್ಟು ಪೀರಿಯಡ್ ಮಾತ್ರ ಕೊಡಲಿ. ದಾವಣಗೆರೆ, ಚಿತ್ರದುರ್ಗಗಳಲ್ಲಿ ನಿವೃತ್ತ ಗಣಿತ ಶಿಕ್ಷಕರಿದ್ದಾರೆ. ಗೌರವಧನ, ಬಸ್ ಖರ್ಚು ಕೊಟ್ಟು ವಾರಕ್ಕೊಮ್ಮೆ ತರಗತಿಯಲ್ಲಿ ಕೂರಿಸಲಿ. ವಿಷಯ ಪರಿವೀಕ್ಷಕರಂತೆ ವರದಿ ಬರೆಯಲು ಅಲ್ಲ, ಪಾಠ ಮುಗಿದ ಮೇಲೆ ಮಾತನಾಡಲು. ಒಂಟಿಯಾಗಿ ಕಳಿಸುವ ಬದಲು ಅಕ್ಕಪಕ್ಕದ ಶಾಲೆಗಳಿಗೆ ಇಬ್ಬರು ಮೂವರು ಹೊಸಬರನ್ನು ಒಟ್ಟಿಗೆ ಹಾಕಲಿ, ಇರಲು ಒಂದು ಮನೆ ತೋರಿಸಲಿ.

ಸ್ಥಳೀಯರನ್ನೇ ಆರಿಸಬೇಕೆಂಬ ಮಾತನ್ನು ಒಪ್ಪುತ್ತೇನೆ. ಅದಕ್ಕೆ ಕರಾರೇನೂ ಬೇಕಿಲ್ಲ. ಕರಾರೆಂದ ಮೇಲೆ ಅದನ್ನು ಮುರಿಯಲು ಒಂದು ಬೆಲೆಯೂ ಇರುತ್ತದೆ. ಪಿಯು ಕಾಲೇಜು, ಸಿಇಟಿ ಕೋಚಿಂಗ್‌ಗಳಿಂದ ತುಂಬಿರುವ ದಾವಣಗೆರೆಯಂಥ ಊರಿನಲ್ಲಿ ಚೆನ್ನಾಗಿ ಲೆಕ್ಕ ಹೇಳಿಕೊಡುವವರ ಪರವಾಗಿ ಆ ಮೊತ್ತವನ್ನು ಕಟ್ಟಲು ಜನ ಸಿಕ್ಕೇ ಸಿಗುತ್ತಾರೆ.